ಮೂರು ಬೆರಳಗಲದ ಮಡಿಕೆ

ಬ್ರಿಸ್ಬೇನಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅಲ್ಲಿ ತುಂಬಿದ್ದದ್ದು ರಟ್ಟಿನ ಪೆಟ್ಟಿಗೆಗಳು; ಅವುಗಳ ಒಳಗೆ ಇಲ್ಲಿನ ಮಕ್ಕಳಿಗೆ ಗಿಡ್ಡವಾದ ಶಾಲೆಯ ಸಮವಸ್ತ್ರಗಳು. ಪರ್ತ್‌ನ ಪಿಯಾರಾ ವಾಟರ್ಸ್‌ನಿಂದ ನನ್ನ ಗೆಳತಿ ಕಳಿಸುತ್ತಿದ್ದಳು, ಅಡಿಲೇಡಿನಿಂದ ನನ್ನ ಓರಗಿತ್ತಿ. ಶಾಂತಸಾಗರದ ಕಡೆಗೆ ಹಡಗು ಹೊರಡುವುದು ನಮ್ಮೂರಿನಿಂದ ಎಂಬ ಕಾರಣಕ್ಕೆ ಎಲ್ಲವೂ ಇಲ್ಲಿಗೇ ಬಂದು ಸೇರುತ್ತಿದ್ದವು. ನಮ್ಮ ಯಜಮಾನರು ಕಾರಿನ ಗಾಜಿಗೆ ಅಂಟಿದ ಜಕರಾಂಡ ಹೂ ಕೀಳುತ್ತ, "ಪುಣ್ಯ ನಿಮ್ದು, ಕಾರು ತೊಳೆಯೋದು ನಂದು" ಎನ್ನುತ್ತಿದ್ದರು.

ಆ ಬಟ್ಟೆಗಳು ಹೋಗುತ್ತಿದ್ದದ್ದು ಒಂದು ಪುಟ್ಟ ದ್ವೀಪದೇಶದ ಶಾಲೆಗೆ. ದೇಶದ ಹೆಸರು ಬರೆಯುವುದಿಲ್ಲ. ಅಷ್ಟು ಚಿಕ್ಕ ಕಡೆ ಹೆಸರು ಹೇಳಿದರೆ ಮನೆಯ ಬಾಗಿಲೇ ಗುರುತು ಸಿಕ್ಕಿಬಿಡುತ್ತದೆ. ಗೆಳತಿಯ ಗಂಡ ಡಾಕ್ಟರು. ಅಲ್ಲಿಗೆ ಒಂದು ತಿಂಗಳು ಕಣ್ಣಿನ ಶಿಬಿರಕ್ಕೆ ಹೋದವರು, ಸಮವಸ್ತ್ರವಿಲ್ಲದೆ ಶಾಲೆ ತಪ್ಪಿಸುವ ಮಕ್ಕಳನ್ನು ನೋಡಿ ಬಂದಿದ್ದರು. ಅಷ್ಟು ಕೇಳಿದ್ದೇ ನನ್ನ ಗೆಳತಿ ಸೊಂಟ ಕಟ್ಟಿ ನಿಂತಳು. ಅವಳು ಸುಮ್ಮನಿರಲಾರಳೆಂದು ನನಗೆ ಗೊತ್ತಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳು ಹಾಸ್ಟೆಲಿನವಳು. ವಿದೇಶದಿಂದ ಸಿಸ್ಟರುಗಳಿಗೆ ಬರುತ್ತಿದ್ದ ದಾನದ ಪೆಟ್ಟಿಗೆಯ ಫ್ರಾಕುಗಳಲ್ಲೇ ಅವಳ ಭಾನುವಾರಗಳೆಲ್ಲ ಕಳೆದವು.

ನನ್ನ ಪಾಲಿನ ಕೆಲಸ ಬ್ಯಾಡ್ಜ್ ಬಿಚ್ಚುವುದು. ಇಲ್ಲಿನ ಶಾಲೆಯ ಗುರುತನ್ನು ಅಲ್ಲಿನ ಮಗು ಎದೆಯ ಮೇಲೆ ಹೊತ್ತು ತಿರುಗುವುದು ಬೇಡ ಎಂದು ನಾನೇ ಹಚ್ಚಿಕೊಂಡದ್ದು. ನಾಲ್ಕು ಹೊಲಿಗೆಗೊಂದು ಎಳೆ ಕತ್ತರಿಸಬೇಕು, ಎಳೆಯಬಾರದು: ಹೊಲಿಗೆಯ ಸಿಸ್ಟರ್ ಕಲಿಸಿದ್ದು ಹಾಗೆ. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಬಟ್ಟೆ ಗಾಢ ಬಣ್ಣದಲ್ಲೇ ಉಳಿದಿರುತ್ತಿತ್ತು. ಎಷ್ಟು ಒಗೆದರೂ ಅದು ಸುತ್ತಲಿನ ಬಟ್ಟೆಗೆ ಹೊಂದುತ್ತಿರಲಿಲ್ಲ.

ಕಳೆದ ನವೆಂಬರಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸಲು ಎದುರು ಮನೆಯ ಹುಡುಗಿ ಬಂದಳು. ಹುಡುಗಿ ಎಂದರೂ ಮೂವತ್ತು ದಾಟಿದವಳು, ಏಳು ವರ್ಷದ ಮಗಳ ತಾಯಿ. ಆ ದ್ವೀಪದವಳೇ. ಮೊದಲು ಸ್ಟ್ರಾಬೆರಿ ಕೀಳಲು ಬಂದು, ಆಮೇಲೆ ಇಲ್ಲಿನ ವೃದ್ಧಾಶ್ರಮವೊಂದರ ಅಡುಗೆಮನೆ ಸೇರಿದ್ದಳು. ಅವಳ ವೀಸಾದಲ್ಲಿ ಮಗಳನ್ನು ಕರೆತರುವಂತಿರಲಿಲ್ಲ. ಮಗು ಊರಿನಲ್ಲಿ ದೊಡ್ಡಮ್ಮನ ಬಳಿ ಬೆಳೆಯುತ್ತಿತ್ತು. ನಮ್ಮ ಬೀದಿಯ ಮಕ್ಕಳನ್ನು ನೋಡಿ ಅವಳೂ ನನ್ನನ್ನು ಆಂಟಿ ಎನ್ನುತ್ತಿದ್ದಳು. ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ ಆದರೂ ಅವಳ ಮಾತು ನನ್ನ ಮನಸ್ಸಿನಲ್ಲಿ ಉಳಿದಿರುವುದು ಕನ್ನಡದಲ್ಲಿ.

ಅವಳು ಒಂದು ನೀಲಿ ಸ್ಕರ್ಟನ್ನು ಒಳಮಗ್ಗುಲಾಗಿ ತಿರುಗಿಸಿ, ಕೆಳಗಿನ ಮಡಿಕೆಗೆ ಬೆರಳಿಟ್ಟು ನೋಡಿದಳು. ಒಂದೇ ಬೆರಳಗಲವಿತ್ತು.

"ನಮ್ಮಕ್ಕ ಆಗಿದ್ರೆ ಇಲ್ಲಿ ಮೂರು ಬೆರಳು ಬಿಡ್ತಿದ್ಳು, ಆಂಟಿ. ವರ್ಷ ವರ್ಷ ಅವಳೇ ಬಿಚ್ಚಿ ಉದ್ದ ಮಾಡ್ಕೊಡ್ತಾಳೆ."

ನನಗೆ ನಗು ಬಂತು. ನಮ್ಮ ಕಾನ್ವೆಂಟಿನ ಜಗಲಿಯಲ್ಲಿ ಜೂನ್ ತಿಂಗಳಲ್ಲಿ ಮೆಷಿನ್ ಇಟ್ಟುಕೊಂಡು ಕೂರುತ್ತಿದ್ದ ಟೈಲರ್ ಕೂಡ ಹಾಗೆಯೇ ಮಾಡುತ್ತಿದ್ದ. ನೆಲದ ಮೇಲೆ ಮಂಡಿಯೂರಿಸಿ ಅಳತೆ ತೆಗೆದು, "ಇನ್ನೆರಡು ವರ್ಷಕ್ಕೆ ತೊಂದ್ರೆ ಇಲ್ಲ ಬಿಡಮ್ಮ" ಎನ್ನುತ್ತಿದ್ದ.

"ನಿಮ್ಮಕ್ಕ ಟೈಲರಾ? ಹೇಳೇ ಇಲ್ವಲ್ಲ ನೀನು!"

"ಸ್ಕೂಲ್ ಬಟ್ಟೆ ಹೊಲೀತಾಳೆ."

"ಯಾವ ಸ್ಕೂಲ್ದು?"

ಅವಳು ಪೆಟ್ಟಿಗೆಯ ಮೇಲೆ ನಾನು ದಪ್ಪಕ್ಷರದಲ್ಲಿ ಬರೆದಿದ್ದ ವಿಳಾಸದ ಮೇಲೆ ಅಂಗೈ ಇಟ್ಟಳು.

ನಾನು ಟೀ ಮಾಡಿ ತಂದೆ. ಆಮೇಲೆ ಒಂದೊಂದೇ ಹೊರಬಂತು. ಚರ್ಚಿನ ಹಿಂದಿನ ಕೋಣೆಯಲ್ಲಿ ನಾಲ್ಕು ಮೆಷಿನ್, ಅಕ್ಕನೂ ಸೇರಿ ನಾಲ್ಕು ಹೆಂಗಸರು. ಶಾಲೆ ಶುರುವಾಗುವ ಮುಂಚೆ ಬರುವ ಆರ್ಡರಿನಲ್ಲೇ ಅವರ ವರ್ಷ ನಡೆಯಬೇಕು. ಹೋದ ವರ್ಷ ನಮ್ಮ ಪೆಟ್ಟಿಗೆಗಳು ಹೋದವು. ದೊಡ್ಡವರು ಯಾರೋ ಬಂದು ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆರ್ಡರ್ ಅರ್ಧಕ್ಕಿಳಿಯಿತು. ಇಬ್ಬರು ಹೆಂಗಸರು ಮೆಷಿನ್ ಮುಚ್ಚಿ, ಹಣ್ಣು ಕೀಳಲು ಆಸ್ಟ್ರೇಲಿಯಾಕ್ಕೆ ಬಂದರು. ಈ ವರ್ಷ ಪೆಟ್ಟಿಗೆ ಇನ್ನೂ ಹೆಚ್ಚು ಬರುತ್ತದೆಂದು ಹೆಡ್‌ಮಾಸ್ಟರು ಆಗಲೇ ಹೇಳಿದ್ದರಂತೆ.

"ಅಕ್ಕಾನೂ ವೀಸಾ ಫಾರಂ ತಂದಿಟ್ಕೊಂಡಿದಾಳೆ."

"ಅವಳೂ ಬಂದ್ಬಿಟ್ರೆ ನಿನ್ನ ಮಗೂನ ಯಾರು ನೋಡ್ಕೋತಾರೆ? ನಿಮ್ಮಮ್ಮ?"

"ಅಮ್ಮಂಗೆ ಕಣ್ಣು ಕಾಣ್ಸಲ್ಲ, ಆಂಟಿ."

ಟೀ ಕೆನೆಗಟ್ಟಿತ್ತು. "ಹೋದ ವರ್ಷಾನೇ ಯಾಕೆ ಹೇಳ್ಲಿಲ್ಲ?" ಎಂದೆ.

"ನೀವು ಅಷ್ಟು ಚೆನ್ನಾಗಿ ಬಿಚ್ತಾ ಕೂತಿದ್ರಿ. ಹೇಗೆ ಹೇಳ್ಲಿ?"

ಅವಳು ಹೋದ ಮೇಲೂ ಆ ಮಾತು ನನ್ನ ಕೈಯಿಂದ ಕೆಲಸ ಕಿತ್ತುಕೊಂಡು ಕೂರಿಸಿತು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವ ನನ್ನ ಮಗಳಿಗೆ ಹೇಳಿದೆ. ಅವಳು ಫ್ರಿಜ್ಜಿನಿಂದ ತಲೆ ಹೊರಗೆ ತೆಗೆಯದೆ, "ಅಮ್ಮಾ, ದಟ್ಸ್ ಇನ್ ಅವರ್ ಟೆಕ್ಸ್ಟ್‌ಬುಕ್" ಎಂದಳು.

"ಏನು ಮಾಡ್ಬೇಕು ಅಂತ ಬರ್ದಿದೆ ಅದ್ರಲ್ಲಿ?"

"ಇಟ್ ಡಿಪೆಂಡ್ಸ್."

ಪುಸ್ತಕ ಬರೆದವರನ್ನು ದೂರಲಾರೆ. ಒಂದು ಕಡೆ ಬಟ್ಟೆಯಿಲ್ಲದೆ ಮನೆಯಲ್ಲಿ ಉಳಿಯುವ ಮಗು, ಇನ್ನೊಂದು ಕಡೆ ಬಟ್ಟೆ ಹೊಲಿದು ಊರಿನಲ್ಲೇ ಉಳಿಯಬಹುದಾದ ಹೆಂಗಸು. ನೂಲಿನಿಂದ ಹಿಡಿದು ಸೂಜಿಯವರೆಗೆ ಹಡಗಿಗೆ ಕಾಯುವ, ಕೈಕಾಲು ಗಟ್ಟಿ ಇದ್ದವರೆಲ್ಲ ಪರದೇಶದ ತೋಟಕ್ಕೆ ಹೊರಡುವ ದೇಶವನ್ನು ಆಳುವವರು ಯಾವುದನ್ನು ಮೊದಲು ಹಿಡಿಯಬೇಕು? ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು, ನನ್ನ ಗೆಳತಿಗೆ ಫೋನ್ ಮಾಡಬೇಕು ಎಂಬುದಷ್ಟೇ.

ಮೊದಲು ಅವಳು ಸಿಡಿದಳು. "ಏನೇ ಹಾಗಂದ್ರೆ? ಆ ಮಕ್ಕಳು ಬರೀ ಮೈಯಲ್ಲಿ ಸ್ಕೂಲಿಗೆ ಹೋಗ್ಲಾ? ಆ ಪೆಟ್ಟಿಗೆ ಬರದೇ ಇದ್ದಿದ್ರೆ ಹಬ್ಬಕ್ಕೆ ನಂಗೆ ಏನಿತ್ತು ಹೇಳು? ನೀನು ರೇಷ್ಮೆ ಲಂಗದವಳು ಕಣೇ, ನಿಂಗೆ ಗೊತ್ತಾಗಲ್ಲ."

ಚುಚ್ಚಿದ್ದು ಸರಿಯಾಗಿಯೇ ಇತ್ತು. ಎದುರು ಮನೆಯವಳ ಮಗುವಿನ ವಿಷಯವನ್ನಷ್ಟೇ ಇನ್ನೊಮ್ಮೆ ಹೇಳಿದೆ. ಆ ಕಡೆ ಕುಕ್ಕರು ಎರಡು ಸಲ ಕೂಗಿತು.

"ಆ ಹಳದಿ ಫ್ರಾಕ್ ನೆನಪಿದ್ಯಾ?" ಎಂದಳು ಕೊನೆಗೆ. "ಕಾಲರ್ ಒಳಗೆ ಯಾವಳ್ದೋ ಹೆಸರು ಹೊಲ್ದಿತ್ತು. ನಾನು ಅದನ್ನ ಯಾವತ್ತೂ ಬಿಚ್ಚಲಿಲ್ಲ ಕಣೇ. ಬಿಚ್ಚಿದ್ರೆ ವಾಪಸ್ ಕೇಳ್ತಾಳೇನೋ ಅಂತ ಭಯ." ಮರುಗಳಿಗೆ ಅವಳ ಎಂದಿನ ದನಿ ಬಂತು. "ಸರಿ, ಆ ಟೈಲರಮ್ಮಂಗೆ ಏನು ಬೇಕಂತೆ, ಕೇಳು."

ಕೇಳಿದೆವು. ಎದುರು ಮನೆಯವಳ ಫೋನಿನಲ್ಲಿ ಅಕ್ಕ ಕಾಣಿಸಿಕೊಂಡಳು. ಬಾಯಲ್ಲಿ ಗುಂಡುಪಿನ್ನು, ಹಿಂದೆ ಒಂದೇ ಮೆಷಿನಿನ ಸದ್ದು. ಜಿಪ್ಪು, ಗುಂಡಿ, ಹುಕ್ಕು, ಇಲಾಸ್ಟಿಕ್. ಇವೇ ಅಲ್ಲಿ ಸಿಗುವುದಿಲ್ಲ, ಸಿಕ್ಕರೂ ಬೆಲೆ ಮುಟ್ಟುವಂತಿಲ್ಲ ಎಂದಳು. ಬಟ್ಟೆಯನ್ನು ಅಲ್ಲಿನ ಅಂಗಡಿಯಿಂದಲೇ ಕೊಳ್ಳುವುದು, ತೀರಾ ಕೈಲಾಗದ ಮನೆಯ ಮಕ್ಕಳಿಗೆ ಅವಳೇ ಹೊಲಿಯುವುದು, ಅದರ ಕೂಲಿ ನಮ್ಮ ಗುಂಪಿನದು ಎಂದು ಮಾತಾಯಿತು. ಹೆಡ್‌ಮಾಸ್ಟರಿಗೆ ಕಾಗದ ಬರೆದವಳು ನನ್ನ ಗೆಳತಿ. ಅಡಿಲೇಡಿನ ಓರಗಿತ್ತಿ ಮಾತ್ರ ಮುನಿಸಿಕೊಂಡಳು. "ಬ್ಲೇರ್ ಅಥಾಲ್‌ನಿಂದ ಗ್ಲೆನೆಲ್ಗ್ ತನಕ ಮನೆಮನೆ ಬಾಗ್ಲು ತಟ್ಟಿದೀನಿ ಅಕ್ಕಾ. ಈಗ ಬರೀ ಗುಂಡಿ ಸಾಕು ಅಂತೀರಾ?" ಎಂದಳು. ಮುಂದಿನ ವಾರ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ತುಂಬ ಗುಂಡಿ ಬಂತು.

ಹಾಗಾಗಿ ನಾನು ಮತ್ತೆ ಗ್ಯಾರೇಜಿನಲ್ಲಿ ಕೂತೆ, ಈ ಸಲ ಅದೇ ಹಳೆಯ ಸಮವಸ್ತ್ರಗಳಿಂದ ಬ್ಯಾಡ್ಜಿನ ಬದಲು ಜಿಪ್ಪು, ಗುಂಡಿ ಬಿಚ್ಚಲು. ಎದುರು ಮನೆಯವಳು ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಕೈಗೆ ಈರುಳ್ಳಿಯ ವಾಸನೆ ಇರುತ್ತಿತ್ತು. ಅಕ್ಕನ ಫಾರಂ ಏನಾಯಿತೆಂದು ನಾನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಕತ್ತರಿಸಿ ಉಳಿದ ಬಟ್ಟೆ ಕಾರು ರಿಪೇರಿ ಅಂಗಡಿಗಳ ಒರೆಸುಬಟ್ಟೆಯಾಯಿತು. ನಮ್ಮ ಯಜಮಾನರು ಅದರಲ್ಲೇ ಕಾರು ಒರೆಸಿದರು.

ಶಾಲೆ ಈ ಸಲ ಮೊದಲಿನ ಅರ್ಧದಷ್ಟಲ್ಲ, ಮುಕ್ಕಾಲಿನಷ್ಟು ಆರ್ಡರ್ ಕೊಟ್ಟಿತು. ಹಣ್ಣು ಕೀಳಲು ಬಂದ ಇಬ್ಬರಲ್ಲಿ ಒಬ್ಬಳು ಹಿಂದಿರುಗಿದಳು. ಇನ್ನೊಬ್ಬಳ ಮೆಷಿನಿನ ಮೇಲೆ ಈಗಲೂ ಬೆಡ್‌ಶೀಟು ಹೊದಿಸಿದೆಯಂತೆ.

ಫೆಬ್ರವರಿಯ ಒಂದು ಬೆಳಿಗ್ಗೆ ಎದುರು ಮನೆಯವಳು ಬರಿಗಾಲಲ್ಲೇ ರಸ್ತೆ ದಾಟಿ ಓಡಿ ಬಂದು ಫೋನನ್ನು ನನ್ನ ಕೈಗಿಟ್ಟಳು. ಮಗಳ ಶಾಲೆಯ ಮೊದಲ ದಿನದ ವಿಡಿಯೋ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಹೊಸ ನೀಲಿ ಸ್ಕರ್ಟು. ದೊಡ್ಡಮ್ಮ ಏನೋ ಹೇಳಿದಳು. ಮಗು ನಾಚಿಕೊಂಡು ಸ್ಕರ್ಟಿನ ಅಂಚು ಮಗುಚಿ ತೋರಿಸಿತು. ಒಳಗಿನ ಮಡಿಕೆ ಮೂರು ಬೆರಳಲ್ಲ, ನಾಲ್ಕು ಬೆರಳಗಲ ಇತ್ತು.

"ಏನಂದ್ಳು ಅಕ್ಕ?" ಎಂದೆ.

"ಮುಂದಿನ ವರ್ಷ ನಾನೇ ಒಂದು ಬೆರಳು ಬಿಚ್ತೀನಿ, ಅದರ ಮುಂದಿನ ವರ್ಷ ಇನ್ನೊಂದು, ಅಂದ್ಳು."

ವಿಡಿಯೋ ಮುಗಿಯಿತು. ಅವಳು ಅದನ್ನು ಮತ್ತೆ ಮೊದಲಿನಿಂದ ಹಾಕಿದಳು.