ಬರೆದವಳು ಶಿಲ್ಪ, ಬೀಗ ಕಂಪನಿಯದು

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಕಂದಿಕೆರೆಯಿಂದಾಚೆ, ತೆಂಗಿನ ತೋಟಗಳ ಸಾಲು ಮುಗಿದು ಗುಡ್ಡ ಶುರುವಾಗುವ ಕಡೆ ಒಂದು ಹಟ್ಟಿ. ಅಲ್ಲಿನ ಹಾಲಿನ ಡೇರಿ ಮುಂದೆ ಮೊಪೆಡ್ ನಿಲ್ಲಿಸಿ ಶಿಲ್ಪ ಬಾಗಿಲು ತಟ್ಟುತ್ತಾರೆ. ಸೆಕ್ರೆಟರಿ ತಿಪ್ಪೇಸ್ವಾಮಿ ಕಣ್ಣುಜ್ಜಿಕೊಳ್ಳುತ್ತ ಬಂದು ಚಿಲಕ ತೆಗೆದು ಕಂಪ್ಯೂಟರ್ ಹಾಕುತ್ತಾರೆ. ಶಿಲ್ಪ ಸ್ವೆಟರಿನ ಒಳಜೇಬಿನಿಂದ ಹೆಬ್ಬೆರಳುದ್ದದ ಒಂದು ಕಪ್ಪು ಬಿಲ್ಲೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುತ್ತಾರೆ. ಪರದೆಯ ಮೇಲೆ ಹಾಲಿನ ಲೆಕ್ಕದ ಮನೆಗಳು ಮೂಡುತ್ತವೆ. ಮೂಡಿದ್ದೇ ತಡ, ಬಿಲ್ಲೆ ಕಿತ್ತು ಮತ್ತೆ ಜೇಬಿಗೆ.

"ಕರೆಂಟು ಹೋಗದಂಗೆ ನೋಡ್ಕಳಪ್ಪ," ಅನ್ನುತ್ತಾರೆ ಶಿಲ್ಪ.

"ಕರೆಂಟೇನು ನಮ್ಮಪ್ಪನ ಮನೇದಾ ಅಕ್ಕಾ?" ಅನ್ನುತ್ತಾರೆ ತಿಪ್ಪೇಸ್ವಾಮಿ.

ಅಷ್ಟೊತ್ತಿಗೆ ಮೊಪೆಡ್ ಹೊರಟಾಗಿರುತ್ತದೆ. ಆರು ಗಂಟೆಯೊಳಗೆ ಇನ್ನೂ ಐದು ಡೇರಿಗಳಲ್ಲಿ ಇದೇ ಕೆಲಸ ಆಗಬೇಕು.

ಆ ಕಪ್ಪು ಬಿಲ್ಲೆಯನ್ನು ಡೇರಿಯವರು ಬೀಗದಕೈ ಅನ್ನುತ್ತಾರೆ. ಅದು ಇಲ್ಲದೆ, ಅಳತೆ, ಕೊಬ್ಬಿನಂಶ, ದರ ಅಚ್ಚಾದ ಚೀಟಿ ಕೊಡುವ ಹಾಲಿನ ಪ್ರೋಗ್ರಾಮ್ ಬಾಯಿ ಬಿಡುವುದಿಲ್ಲ. ಒಮ್ಮೆ ಬಾಯಿ ಬಿಟ್ಟರೆ ಕಂಪ್ಯೂಟರ್ ಆರುವವರೆಗೂ ಓಡುತ್ತದೆ, ಬೀಗದಕೈ ಅಲ್ಲೇ ಇರಬೇಕೆಂದಿಲ್ಲ. ಈ ಸೂಕ್ಷ್ಮ ಕಂಡುಕೊಂಡವರು ಶಿಲ್ಪ. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಸೀಮೆಯ ನಲವತ್ಮೂರು ಡೇರಿಗಳಲ್ಲಿ ಈ ಪ್ರೋಗ್ರಾಮ್ ಇದೆ. ನಲವತ್ಮೂರು ಬೀಗದಕೈಗಳಲ್ಲಿ ಆರು ಸತ್ತಿವೆ. ಆ ಆರು ಡೇರಿಗಳನ್ನು ತಮ್ಮ ಸ್ವಂತ ಬೀಗದಕೈಯಿಂದ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹೋಗಿ ಹೊತ್ತಿಸಿ ಬರುವುದು ಶಿಲ್ಪ ಅವರ ದಿನಚರಿ. ದಿನಕ್ಕೆ ತೊಂಬತ್ತು ಕಿಲೋಮೀಟರ್. ಎರಡು ವರ್ಷದಿಂದ ಒಂದು ದಿನವೂ ತಪ್ಪಿಲ್ಲ.

ಇವತ್ತು ಕೊನೆಯ ಡೇರಿಯಲ್ಲಿದ್ದಾಗ ಫೋನು ಬರುತ್ತದೆ. ಹಟ್ಟಿಯಲ್ಲಿ ಕರೆಂಟು ಹೋಗಿದೆ. ಬ್ಯಾಟರಿ ನಾಲ್ಕು ನಿಮಿಷ ಎಳೆದು ಕೈಚೆಲ್ಲಿದೆ. ಅದನ್ನು ಹೇಳಲು ತಿಪ್ಪೇಸ್ವಾಮಿ ಡೇರಿ ಹಿಂದಿನ ಬಂಡೆ ಹತ್ತಿದ್ದಾರೆ, ಹಟ್ಟಿಯಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಕರೆಂಟು ಮತ್ತೆ ಬಂದಿದೆ, ಆದರೆ ಪ್ರೋಗ್ರಾಮ್ ಬೀಗದಕೈ ಕೇಳುತ್ತಿದೆ. ಹದಿನೇಳು ಜನ ಹೆಂಗಸರು ಕ್ಯಾನು ಹಿಡಿದು ನಿಂತಿದ್ದಾರೆ, ಹಾಲಿನ ಗಾಡಿ ಏಳಕ್ಕೆ ಬರುತ್ತದೆ. ಶಿಲ್ಪ ಮೊಪೆಡ್ ತಿರುಗಿಸುತ್ತಾರೆ. ಹದಿನಾಲ್ಕು ಕಿಲೋಮೀಟರ್ ವಾಪಸ್ಸು.

ಅಷ್ಟರಲ್ಲಿ ಹಟ್ಟಿಯಲ್ಲಿ ಸಣ್ಣ ಜಟಾಪಟಿ. ಹಾಲು ಅಳೆಯುವ ಯಂತ್ರ ಓಡುತ್ತಿದೆ, ಅದರಲ್ಲಿ ಕಂಡ ನಂಬರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಅಂತ ತಿಪ್ಪೇಸ್ವಾಮಿ ಅಂದಿದ್ದಾರೆ. ಸಾಲಿನ ಮುಂದಿದ್ದ ಕಾಳಕ್ಕ ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತೇ ಬಿಟ್ಟಿದ್ದಾರೆ. ಎಪ್ಪತ್ತರ ಮುದುಕಿ, ಒಂದೇ ಹಸು.

"ಚೀಟಿ ಬರೋಗಂಟ ನಾನು ಹುಯ್ಯಾಕಿಲ್ಲ ಕಣಪ್ಪ. ನೀನು ಒಳ್ಳೇವ್ನೆ, ಇಲ್ಲ ಅನ್ನಾಕಿಲ್ಲ. ನಿನಗಿಂತ ಮುಂಚೆ ಇದ್ದೋನೂ ಮೊದಮೊದ್ಲು ಒಳ್ಳೇವ್ನೆ ಇದ್ದ."

ತಿಪ್ಪೇಸ್ವಾಮಿ ನಕ್ಕು ಪುಸ್ತಕ ಮುಚ್ಚುತ್ತಾರೆ. ಹಿಂದಿನವನು ಬರೆಯುತ್ತಿದ್ದ ಲೆಕ್ಕ ಅವರಿಗೂ ಗೊತ್ತು. ಆರೂ ನಲವತ್ತಕ್ಕೆ ಶಿಲ್ಪ ಬರುತ್ತಾರೆ, ಬೀಗದಕೈ ಹಾಕುತ್ತಾರೆ, ಕಿರ್ರನೆ ಮೊದಲ ಚೀಟಿ ಬರುತ್ತದೆ. ಕಾಳಕ್ಕನ ಹಾಲಿಗೆ ಕೊಬ್ಬಿನಂಶ ನಾಲ್ಕು ಪಾಯಿಂಟ್ ಒಂದು. ಓದಲು ಬಾರದ ಕಾಳಕ್ಕ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮನೆಯಲ್ಲಿ ಓದುವವರಿದ್ದಾರೆ.

ಈ ಚೀಟಿಯ ಬೆಲೆ ಶಿಲ್ಪ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ತಾಯಿ ಭೂತಮ್ಮ ಅಮ್ಮಸಂದ್ರದ ಕಡೆಯ ಒಂದು ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುತ್ತಿದ್ದರು. ಕಾಲೋನಿಯವರು ಕೊನೆಗೆ ಬರಬೇಕು, ಕ್ಯಾನು ಮುಟ್ಟಿಸದೆ ಮೇಲಿಂದ ಸುರಿಯಬೇಕು. ಸೆಕ್ರೆಟರಿ ಹಾಲನ್ನು ಕಣ್ಣಲ್ಲೇ ನೋಡಿ ಕೊಬ್ಬಿನಂಶ ಮೂರು ಪಾಯಿಂಟ್ ಎರಡು ಅಂತ ಬರೆಯುತ್ತಿದ್ದ, ನಂಬರು ಇಳಿದಷ್ಟೂ ದರ ಇಳಿಯುತ್ತದೆ. "ಹನ್ನೊಂದು ವರ್ಸ ನಮ್ಮಮ್ಮನ ಹಾಲಿಗೆ ಒಂದೇ ನಂಬರು ಕಣ್ರೀ. ಹಸು ಬದಲಾಯ್ತು, ಮೇವು ಬದಲಾಯ್ತು, ಮಳೆಗಾಲ ಬ್ಯಾಸಿಗೆ ಬಂದೋಯ್ತು. ನಂಬರು ಮಾತ್ರ ಅಳ್ಳಾಡ್ಲಿಲ್ಲ," ಅನ್ನುತ್ತಾರೆ ಶಿಲ್ಪ. ಮೊದಲ ಸಲ ಯಂತ್ರದ ಚೀಟಿ ಬಂದ ದಿನ ನಾಲ್ಕು ಪಾಯಿಂಟ್ ಮೂರು. ಭೂತಮ್ಮ ಅದನ್ನು ಮಗಳ ಕೈಲಿ ಮೂರು ಸಲ ಓದಿಸಿ, ಹಸುವಿನ ಹತ್ತಿರ ಹೋಗಿ ಅದರ ಗಂಗೆದೊಗಲು ತುರಿಸಿದರಂತೆ.

ಆ ಚೀಟಿಯ ಪ್ರೋಗ್ರಾಮ್ ಬರೆದದ್ದು ಶಿಲ್ಪ ಅವರೇ. ಬರೆದದ್ದು ಟೆರಿಕ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ. ಹೆಸರು ಕೇಳಿದವರು ಈಗ ಕಡಿಮೆ, ಆಗಲೂ ಹೆಚ್ಚಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಪಿಯುಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದ ಶಿಲ್ಪ ತುಮಕೂರಿನ ಹೋಟೆಲೊಂದರಲ್ಲಿ ಆ ಭಾಷೆ ಮಾರುವ ಕಂಪನಿಯ ಪುಕ್ಕಟೆ ಶಿಬಿರಕ್ಕೆ ಹೋದರು. ಅಲ್ಲಿ ಒಂದು ಚೀಲ, ಒಂದು ಪೆನ್ನು, ಊಟ. ಅಚ್ಚುಕಟ್ಟು ಕನ್ನಡದಲ್ಲಿ ಅಚ್ಚಾದ ಕರಪತ್ರ: ಹತ್ತೇ ದಿನದಲ್ಲಿ ಕಲಿಯಿರಿ, ಜೀವನಪೂರ್ತಿ ನಿಮ್ಮ ಜೊತೆ ನಾವು. ದೊಡ್ಡ ದೊಡ್ಡ ಊರುಗಳಲ್ಲಿ ಬೇರೆ ಭಾಷೆಗಳು ಬೇರು ಬಿಟ್ಟಾಗಿತ್ತು. ಹಾಗಾಗಿ ಇವರು ಹಳ್ಳಿ ಸೊಸೈಟಿಗಳಿಗೆ ಇಳಿದಿದ್ದರು. ಭಾಷೆಯನ್ನು ಹೆಚ್ಚೂಕಡಿಮೆ ದಾನವಾಗಿಯೇ ಕೊಟ್ಟರು. ಬೀಗದಕೈ ಮಾತ್ರ ತಮ್ಮದೇ ಅಂಗಡಿಯಲ್ಲಿ ಕೊಳ್ಳಬೇಕು ಅಂದರು.

ಮೊದಲ ಏಳು ವರ್ಷ ನಿಜಕ್ಕೂ ಜೊತೆಗಿದ್ದರು ಅನ್ನಬೇಕು. ಜೊತೆಗಿದ್ದದ್ದು ಒಬ್ಬರೇ. ಹುಳಿಯಾರು ಕಡೆಯ ಕೃಷ್ಣಕುಮಾರ್ ಕಂಪನಿಯ ಬೆಂಗಳೂರು ಆಫೀಸಿನಲ್ಲಿ ಫೋನೆತ್ತಿ ಉತ್ತರ ಹೇಳುವ ಕೆಲಸದಲ್ಲಿದ್ದರು. ಶಿಲ್ಪ ಪರದೆಯಲ್ಲಿ ಕಂಡದ್ದನ್ನು ಒಂದೊಂದೇ ಅಕ್ಷರ ಓದುತ್ತಿದ್ದರು, ತಪ್ಪು ಎಲ್ಲಿದೆ ಅಂತ ಅವರು ಹೇಳುತ್ತಿದ್ದರು. ಮುಖ ನೋಡಿದ್ದು ಒಂದೇ ಸಲ. ಒಂದು ಶುಕ್ರವಾರ ಅವರು, ಸೋಮವಾರದಿಂದ ಈ ನಂಬರು ನಾನು ಎತ್ತುವುದಿಲ್ಲ, ಬರೆದುಕೊಳ್ಳುವುದಿದ್ದರೆ ಇವತ್ತೇ ಬರೆದುಕೊಳ್ಳಿ ಅಂದರು. ಆವತ್ತು ಐದು ತಾಸು ಮಾತಾಡಿ ಒಂದು ನೂರು ಪುಟದ ನೋಟ್‌ಬುಕ್ ತುಂಬಿಸಿದರು. ಶಿಲ್ಪ ಅವರ ಹತ್ತಿರ ಇರುವ ಗ್ರಂಥ ಅದೊಂದೇ.

ಆಮೇಲೆ ಆ ನಂಬರಿನಲ್ಲಿ ಇಂಗ್ಲಿಷಿನ ಹೆಣ್ಣುದನಿ, ಒಂದು ಒತ್ತಿ, ಎರಡು ಒತ್ತಿ. ಅದೂ ನಿಂತು ಈಮೇಲ್. ಈ ಸುತ್ತು ಶುರುವಾಗುವ ಮುಂಚೆ, ಮೊದಲ ಬೀಗದಕೈ ಸತ್ತಾಗ ಶಿಲ್ಪ ಬರೆದ ದೂರಿಗೆ ನಡುರಾತ್ರಿ ಒಂದು ಪ್ರಶ್ನೆ ಬಂತು. ಮೂರು ದಿನ ಉತ್ತರ ಬಾರದ್ದರಿಂದ ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸಿ ಮುಚ್ಚಿದ್ದೇವೆ ಅಂತ ಮತ್ತೊಂದು ಬಂತು. ಆ ಮೂರು ದಿನ ಅವರು ಕಾಯಿಲೆ ಬಿದ್ದ ತಾಯಿಯ ಜೊತೆ ಆಸ್ಪತ್ರೆಯಲ್ಲಿದ್ದರು. ಬದಲಿ ಬೀಗದಕೈ ಬರಲಿಲ್ಲ, ಆಮೇಲೆ ಸತ್ತ ಐದಕ್ಕೂ ಇಲ್ಲ.

"ಮಾರಾಕೆ ಕನ್ನಡ ಬಂತು. ಕೆಟ್ಟಾಗ ಕನ್ನಡ ಮರ್ತೋಯ್ತು," ಅನ್ನುತ್ತಾರೆ. ದನಿ ಏರುವುದಿಲ್ಲ. ಕೈಯಲ್ಲಿನ ಸ್ಕ್ರೂಡ್ರೈವರ್ ಮಾತ್ರ ಮೇಜಿನ ಮೇಲೆ ಠಕ್ಕನೆ ಕೂರುತ್ತದೆ.

ಬೀಗ ಒಡೆದುಕೊಡುತ್ತೇನೆ ಅಂತ ತಿಪಟೂರಿನಲ್ಲಿ ಒಬ್ಬರು ಮುಂದೆ ಬಂದಿದ್ದರು. ಕಂಪನಿಯ ಕರಾರಿನಲ್ಲಿ ಅದು ಕಳ್ಳತನ. ಕೇಸು ಬಿದ್ದರೆ ಡೇರಿಗಳ ಸೆಕ್ರೆಟರಿಗಳು ಕೋರ್ಟು ಹತ್ತಬೇಕು. ಶಿಲ್ಪ ಬೇಡವೆಂದರು. ಅವರೇ ಬರೆದ ಪ್ರೋಗ್ರಾಮನ್ನು ಅವರೇ ತೆರೆದರೆ ಕಳ್ಳಿ. ಇಂಥ ನ್ಯಾಯವನ್ನು ಯಾವ ಊರಿನ ಪಂಚಾಯ್ತಿಕಟ್ಟೆಯಲ್ಲೂ ಒಪ್ಪಲಾರರು. ಅದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ ಸಹಿ ತೆಗೆದುಕೊಂಡರೆ ಎಲ್ಲರೂ ಒಪ್ಪಬೇಕು.

ಕಳೆದ ತಿಂಗಳು ಅದೇ ಕಂಪನಿ ತಿಪಟೂರಿನ ಕಲ್ಯಾಣಮಂಟಪವೊಂದರಲ್ಲಿ ಸಭೆ ಕರೆಯಿತು. ಬಾಗಿಲಲ್ಲೇ ಆಳೆತ್ತರದ ಬ್ಯಾನರು. ಅದರಲ್ಲಿ ಮೊಪೆಡ್ ಮೇಲೆ ಕೂತ ಶಿಲ್ಪ ಅವರದೇ ಚಿತ್ರ. ಕೆಳಗೆ 'ಹಳ್ಳಿಹಳ್ಳಿಯಲ್ಲೂ ನಮ್ಮ ಟೆರಿಕ್ ಕುಟುಂಬ'. ಯಾರೋ ಫೇಸ್‌ಬುಕ್ಕಿಗೆ ಹಾಕಿದ್ದ ಫೋಟೊ. ಕೇಳಿದವರಿಲ್ಲ. ಒಳಗೆ ಕಂಪನಿಯ ಮಾರಾಟದ ಅಧಿಕಾರಿ ಮೋಕ್ಷಿತ್, ಶಿಲ್ಪ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಒಂದು ಟ್ರೋಫಿ ಕೊಟ್ಟು, ಚಪ್ಪಾಳೆ ಹೊಡೆಸಿದರು. ಅದಾದ ಹತ್ತು ನಿಮಿಷಕ್ಕೆ ಅದೇ ಬಾಯಿಂದ ಸುದ್ದಿ ಬಂತು: ಮಾರ್ಚ್ ಮುಗಿದ ಮೇಲೆ ಟೆರಿಕ್ ಬಗ್ಗೆ ಯಾರೂ ಏನೂ ಕೇಳುವಂತಿಲ್ಲ, ಕೆಟ್ಟ ಬೀಗದಕೈಗೆ ಬದಲಿ ಇಲ್ಲ. ಎಲ್ಲರೂ ಕಂಪನಿಯ ಹೊಸ ವ್ಯವಸ್ಥೆಗೆ ಬರಬೇಕು. ಅದಕ್ಕೆ ಒಂದೊಂದು ಚೀಟಿಗೂ ಇಂಟರ್‌ನೆಟ್ ಬೇಕು.

ಶಿಲ್ಪ ಹೆಗಲ ಮೇಲಿನ ಶಾಲು ತೆಗೆಯದೆಯೇ ಎದ್ದು ನಿಂತರು. ಹಟ್ಟಿಯಲ್ಲಿ ಸಿಗ್ನಲ್‌ಗೆ ಬಂಡೆ ಹತ್ತಬೇಕು. ಕಂಪ್ಯೂಟರ್ ಹೊತ್ತುಕೊಂಡು ಬಂಡೆ ಹತ್ತಲೇ ಅಂತ ಕೇಳಿದರು. ಸಭೆ ನಕ್ಕಿತು. ಮೋಕ್ಷಿತ್ ಕೂಡ ನಕ್ಕು, ನಿಮ್ಮ ಅನಿಸಿಕೆ ಮೇಲಿನವರಿಗೆ ತಲುಪಿಸುತ್ತೇನೆ ಮೇಡಂ ಅಂದರು. ಹಾಗಾದರೆ ಬೀಗವಿಲ್ಲದ ಒಂದು ಟೆರಿಕ್ ಕೊಟ್ಟುಬಿಡಿ, ನಿಮ್ಮ ತಂಟೆಗೇ ಬರುವುದಿಲ್ಲ ಅಂದದ್ದಕ್ಕೆ, ಅದು ಪಾಲಿಸಿಯಲ್ಲಿಲ್ಲ ಅಂದರು. ಬೀಗ ತೆಗೆಯುವುದು ಕಂಪನಿಯವರಿಗೆ ಒಂದು ದಿನದ ಕೆಲಸವೂ ಅಲ್ಲ. ಅವರೇ ಮಾಡಿದ ಬೀಗ.

ಈಗ ಶಿಲ್ಪ ಮಧ್ಯಾಹ್ನದ ಹೊತ್ತು ಇಡೀ ಪ್ರೋಗ್ರಾಮನ್ನು ಇನ್ನೊಂದು ಭಾಷೆಯಲ್ಲಿ, ಯಾರ ಬೀಗವೂ ಇಲ್ಲದ ಭಾಷೆಯಲ್ಲಿ, ಮೊದಲಿಂದ ಬರೆಯುತ್ತಿದ್ದಾರೆ. ಹದಿನೆಂಟು ವರ್ಷ ಸೇರಿಸುತ್ತ ಬಂದದ್ದನ್ನು ಒಬ್ಬರೇ ಮತ್ತೆ ಬರೆಯಬೇಕು. ಮೂರನೇ ಒಂದು ಭಾಗ ಆಗಿದೆ. ಮಾರ್ಚ್‌ಗೆ ಮುಗಿಯುವುದಿಲ್ಲ. ಅಷ್ಟರಲ್ಲಿ ಅವರ ಜೇಬಿನ ಬೀಗದಕೈ ಸತ್ತರೆ ಆರು ಡೇರಿಗಳಲ್ಲಿ ಮತ್ತೆ ಪುಸ್ತಕ, ಪೆನ್ನು, ಬರೆಯುವವನ ಮನಸ್ಸು.

ಹೋದ ವಾರ ಕಂಪನಿಯಿಂದ ಒಂದು ಕಾಗದ ಬಂತು, ಈ ಸಲ ಕನ್ನಡದಲ್ಲಿ. ಅವರ ಚಿತ್ರವನ್ನು ಇನ್ನೂ ಒಂದು ವರ್ಷ ಬಳಸಿಕೊಳ್ಳಲು ಒಪ್ಪಿಗೆ ಬೇಕಂತೆ. ಶಿಲ್ಪ ಸಹಿ ಮಾಡುವ ಜಾಗ ಬಿಟ್ಟು, ಅದರ ಮೇಲೆ ಬೀಗ ತೆಗೆದುಕೊಟ್ಟರೆ ಚಿತ್ರ ಇಟ್ಟುಕೊಳ್ಳಿ ಅಂತ ಬರೆದು ಕಳಿಸಿದ್ದಾರೆ. ಉತ್ತರ ಬಂದಿಲ್ಲ. ಬರುತ್ತದೆಂದು ಅವರೂ ಕಾದಿಲ್ಲ. ಸಂಜೆಯ ಸುತ್ತಿಗೆ ಮೊಪೆಡ್ ಒದೆಯುತ್ತಾರೆ.

"ಇರಿ ಅಂತ ನಾನೇನು ಅವ್ರ ಕಾಲು ಹಿಡಿದಿಲ್ಲ. ಹೋಗೋರು ಹೋಗ್ಲಿ ಬುಡಿ, ಯಾಪಾರ ಅವರದು. ಹೋಗೋವಾಗ ಬಾಗಿಲಿಗೆ ಬೀಗ ಜಡ್ಕೊಂಡು ಹೋಗಬಾರ್ದು ಕಣ್ರೀ. ಒಳಗೆ ಜನ ಇದೀವಿ."