ಭಟ್ಟಿಯಣ್ಣನ ಪಂಪು

ಬೇಕರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮಾಲೀಕರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವನು ಭಟ್ಟಿಯಣ್ಣ. ಇಪ್ಪತ್ತಾರು ವರ್ಷ ಅದೇ ಇಟ್ಟಿಗೆ ಭಟ್ಟಿಯ ಮುಂದೆ ನಿಂತವನು. ಬಾಗಿಲು ತೆಗೆದು ಅಂಗೈಯನ್ನು ಒಂದು ಕ್ಷಣ ಒಳಗೆ ಚಾಚಿದರೆ ಸಾಕು, ಇನ್ನೆಷ್ಟು ಸೌದೆ ಬೇಕು ಎಂದು ಹೇಳಿಬಿಡುತ್ತಿದ್ದ. ಅವನ ಹೆಂಡತಿಗೆ ಅದೇ ಬೇಕರಿಯ ಮುಂದಿನ ಕೋಣೆಯಲ್ಲಿ ಬ್ರೆಡ್ ಕೊಯ್ದು, ಕಾಗದ ಸುತ್ತಿ ಅಂಟಿಸುವ ಕೆಲಸ. ಗಂಡನ ದೊಡ್ಡಸ್ತಿಕೆಯನ್ನು ಅವಳಷ್ಟು ಗೇಲಿ ಮಾಡಿದವರಿಲ್ಲ, ಅವಳಷ್ಟು ನಂಬಿದವರೂ ಇಲ್ಲ.

ಭಟ್ಟಿಗೆ ಹಾಕಿದ್ದನ್ನು ಇಳಿಸದೆ ಅಲ್ಲಾಡಬಾರದು. ಆ ಬೇಕರಿಯಲ್ಲಿ ಯಾರೂ ಬರೆದಿಡದ, ಆದರೆ ಯಾರೂ ಮೀರದ ಕಟ್ಟಳೆ ಅದು. ಅವಳಿಗೆ ಹೆರಿಗೆ ನೋವು ಕಾಣಿಸಿಕೊಂಡ ದಿನವೂ ಮಹಾಶಯ ಬನ್ನು ಇಳಿಸಿಯೇ ಬಂದದ್ದು. ಅದನ್ನು ಅವಳು ವರ್ಷವಿಡೀ ಎತ್ತಿ ಆಡಿದಳು. ಆಮೇಲಾಮೇಲೆ ಹೊಸದಾಗಿ ಸೇರಿದವರಿಗೆ ತಾನೇ ಹೆಮ್ಮೆಯಿಂದ ಹೇಳತೊಡಗಿದಳು.

ನಲವತ್ತು ದಾಟಿದ ಮೇಲೆ ಅವನಿಗೆ ಉಸಿರಿನ ತೊಂದರೆ ಶುರುವಾಯಿತು. ಹಿಟ್ಟು ಜರಡಿ ಹಿಡಿದ ದಿನ ಎದೆಯೊಳಗೆ ಸಣ್ಣಗೆ ಸೀಟಿ ಹೊಡೆದಂತೆ ಸದ್ದು. ಡಾಕ್ಟರು ಒಮ್ಮೆ ನೋಡಿ, ಸ್ವಲ್ಪ ಅಸ್ತಮಾ ಇದೆ, ಆಗಾಗ ಬಂದು ತೋರಿಸು ಎಂದಿದ್ದರು. ಅವನು ಆ ‘ಸ್ವಲ್ಪ’ವನ್ನು ಮಾತ್ರ ಕಿವಿಗೆ ಹಾಕಿಕೊಂಡು ಬಂದ. ಚೀಟಿಯಿಲ್ಲದೆ ಸಿಗುವ, ಬಾಯಿಗಿಟ್ಟು ಒತ್ತಿ ಎಳೆದುಕೊಳ್ಳುವ ಪಂಪನ್ನು ಅವಳೇ ತಂದಳು. ಔಷಧಿ ಅಂಗಡಿಯಾಕೆ ಅದನ್ನು ಸುಮ್ಮನೆ ಕೊಡಲಿಲ್ಲ.

“ಬಿಪಿಗೋ ಹಾರ್ಟಿಗೋ ಏನಾದ್ರೂ ಮಾತ್ರೆ ತಗೋತಾರಾ?”

“ಅವ್ರಾ? ತಲೆನೋವಿನ ಮಾತ್ರೆ ನುಂಗ್ಸೋಕೇ ಕಾಲು ಹಿಡೀಬೇಕು.”

“ನೋಡಮ್ಮಾ, ಇದು ಅಪರೂಪಕ್ಕೆ ಉಸಿರು ಕಟ್ಟಿದಾಗ ಮಾತ್ರ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಯ್ತು ಅಂದ್ರೆ ಇದನ್ನೇ ನಂಬ್ಕೊಂಡು ಕೂರ್ಬೇಡಿ, ಡಾಕ್ಟರಿಗೆ ತೋರ್ಸಿ. ಎಳ್ಕೊಂಡು ಇಪ್ಪತ್ತು ನಿಮಿಷ ಆದ್ರೂ ಉಸಿರು ಸಡಿಲ ಆಗ್ಲಿಲ್ವಾ, ಒಂದು ಗಳಿಗೆನೂ ಕಾಯ್ಬೇಡಿ. ಆಸ್ಪತ್ರೆಗೆ ಓಡಿ.”

ಒಂದಕ್ಷರ ಬಿಡದೆ ಅದನ್ನೆಲ್ಲ ಅವಳು ಗಂಡನಿಗೆ ಒಪ್ಪಿಸಿದಳು. ಮನೆಯಲ್ಲಿ ಕನ್ನಡಿಯ ಪಕ್ಕ ಇಟ್ಟ ಪಂಪು ಐದಾರು ತಿಂಗಳು ಬಂತು. ಅವಳು ನಿಶ್ಚಿಂತೆಯಾದಳು.

ಒಂದು ಗುರುವಾರ ಬ್ರೆಡ್ಡಿನ ಅಚ್ಚು ಹುಡುಕುತ್ತ ಭಟ್ಟಿ ಕೋಣೆಯ ಗೂಡಿಗೆ ಕೈ ಹಾಕಿದಳು. ಅಚ್ಚುಗಳ ಹಿಂದೆ ಐದು ಪಂಪುಗಳಿದ್ದವು, ನಾಲ್ಕು ಖಾಲಿ. ಅವಳು ಐದನ್ನೂ ತೆಗೆದು ಗಂಡನ ಮುಂದೆ ಹಿಡಿದಳು.

“ಇವೆಲ್ಲ ಎಷ್ಟು ದಿನದ್ದು?”

“ಎರಡು ತಿಂಗಳದ್ದಿರ್ಬೇಕು” ಎಂದ, ಮೊಟ್ಟೆಯ ಲೆಕ್ಕ ಕೇಳಿದರು ಎಂಬಂತೆ. ಯಾರೂ ಪ್ರಶ್ನೆ ಕೇಳಬಾರದೆಂದು ಒಂದೊಂದನ್ನು ಒಂದೊಂದು ಅಂಗಡಿಯಲ್ಲಿ ಕೊಂಡಿದ್ದ. ಅಷ್ಟು ಜಾಣತನ ಇತ್ತು ಅವನಿಗೆ.

“ಹಾಗಾದ್ರೆ ದಿನಾ ಎಳ್ಕೋತಿದೀರ. ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀಯ. ಅವ್ರು ಹಿಟ್ಟು ಬಿಡು ಅಂತಾರೆ. ಹಿಟ್ಟು ಬಿಟ್ಟು ನಾನೇನ್ ಮಾಡ್ಲಿ ಹೇಳು? ನಿನ್ ಪಕ್ಕ ಕೂತ್ಕೊಂಡು ಕಾಗದ ಅಂಟಿಸ್ಲಾ?”

“ಅಂಟಿಸಿ. ನಾನೇ ಕಲಿಸ್ಕೊಡ್ತೀನಿ.”

ಅವನು ನಕ್ಕ, ನಗು ಕೆಮ್ಮಾಯಿತು. ಕೆಮ್ಮು ನಿಂತಾಗ ಅವನ ಕಣ್ಣಲ್ಲಿ ಹೆದರಿಕೆ ಕಂಡಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅದನ್ನು ಕಂಡಿರಲಿಲ್ಲ. ಸೋಮವಾರ ಡಾಕ್ಟರ ಹತ್ತಿರ ಬರುತ್ತೇನೆ ಎಂದು ಮಾತು ಕೊಟ್ಟ. ಕೊಟ್ಟ ಮಾತು ತಪ್ಪುವ ಮನುಷ್ಯನಲ್ಲ. ನಾಲ್ಕು ದಿನ ತಾನೇ ಎಂದುಕೊಂಡಳು ಅವಳು. ಆ ‘ತಾನೇ’ ನೆನಪಾದಾಗಲೆಲ್ಲ ಈಗಲೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾಳೆ.

ಶನಿವಾರ ಮಧ್ಯಾಹ್ನ ದಿನದ ಕೊನೆಯ ಬ್ರೆಡ್ಡು ಭಟ್ಟಿಯೊಳಗೆ ಹೋಗಿತ್ತು. ಮೂರೂ ಹತ್ತಕ್ಕೆ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತದ್ದು ಕಾಣಿಸಿತು. ಹೆಗಲು ಕಿವಿಯವರೆಗೆ ಏರಿತ್ತು. ಪಂಪು ಕೈಯಲ್ಲೇ ಇತ್ತು, ಎಳೆದುಕೊಂಡಾಗಿತ್ತು. ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಗಡಿಯಾರ ನೋಡುತ್ತ ಬೆನ್ನು ನೀವಿದಳು. ಮೂರೂವರೆಯಾಯಿತು. ಉಸಿರು ಸಡಿಲವಾಗಲಿಲ್ಲ. ಒಂದು ಮಾತನ್ನು ಪೂರ್ತಿ ಆಡಲೂ ಅವನಿಂದ ಆಗುತ್ತಿರಲಿಲ್ಲ.

“ಏಳಿ, ಆಸ್ಪತ್ರೆಗೆ ಹೋಗೋಣ.”

ಅವನು ಭಟ್ಟಿಯ ಕಡೆ ನೋಡಿದ. ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಮೂರು ಬೆರಳು ಎತ್ತಿ ತೋರಿಸಿದ. ಇನ್ನೆಂಟು ನಿಮಿಷ.

ಒಂದು ಗಳಿಗೆಯೂ ಕಾಯಬೇಡಿ ಎಂದದ್ದು ಅವಳಿಗೆ ಮರೆತಿರಲಿಲ್ಲ. ಮರೆತಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ಅವಳೂ ಹದಿನೆಂಟು ವರ್ಷ ಆ ಬೇಕರಿಯ ಅನ್ನ ಉಂಡವಳು. ಹಿಟ್ಟು ನಾದುವವನು ಅಂದು ರಜೆ. ಒಳಗೆ ಬ್ರೆಡ್ಡು ಬೇಯುತ್ತಿದೆ. ಬಿಟ್ಟು ಹೊರಟರೆ ಎಲ್ಲ ಕರಕಲು. ಎಂಟೇ ನಿಮಿಷ, ಬ್ರೆಡ್ ಸಾಗಿಸುವ ವ್ಯಾನು ಹೇಗೂ ಬಾಗಿಲಲ್ಲೇ ನಿಂತಿದೆ. ಅವಳು ಕಾದಳು.

ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದೇ ತಟ್ಟೆ ಎಳೆದಳು. ಅವನು ಸ್ಟೂಲಿನ ಮೇಲಿಂದಲೇ ಬ್ರೆಡ್ಡಿನ ಬಣ್ಣ ನೋಡಿ ತಲೆಯಾಡಿಸಿದ. ಸರಿಯಾಗಿ ಇಳಿಸಿದೆನೆಂದು ಅವಳಿಗೆ ಆ ಹೊತ್ತಿನಲ್ಲೂ ಒಂದಿಷ್ಟು ಖುಷಿಯಾಯಿತು. ಆ ಖುಷಿಯೇ ಇಂದಿಗೂ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದೆ, ನುಂಗಲೂ ಆಗದು, ಉಗುಳಲೂ ಆಗದು.

ವ್ಯಾನಿನಲ್ಲಿ ಅವನ ತಲೆ ಅವಳ ಹೆಗಲ ಮೇಲಿತ್ತು. ಅರ್ಧ ದಾರಿಯಲ್ಲಿ ಎದೆಯ ಸೀಟಿ ನಿಂತಿತು. ಸದ್ಯ, ಕಡಿಮೆಯಾಯಿತಲ್ಲ ಎಂದು ಅವಳು ಕಣ್ಣೊರೆಸಿಕೊಂಡಳು. “ನಿಧಾನವಾಗೇ ಹೋಗಪ್ಪ” ಎಂದು ವ್ಯಾನಿನವನಿಗೂ ಹೇಳಿದಳು. ಸದ್ದು ನಿಂತದ್ದು ಒಳಗೆ ಗಾಳಿಯೇ ಆಡದೆ ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದವರು ಬೇಗನೆ ಹೊರಗೆ ಬಂದರು. ಅಷ್ಟು ಬೇಗ ಬಂದದ್ದರಿಂದಲೇ ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ಚಿಕ್ಕ ವಯಸ್ಸಿನ ಡಾಕ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅವನು ಹೋದ ಸುದ್ದಿ ಹೇಳಿದರು. ಆಮೇಲೆ ಕಾಗದ ತೆಗೆದು ಮೆಲ್ಲಗೆ ಕೇಳಿದರು.

“ಯಾವಾಗ ಶುರುವಾಯ್ತಮ್ಮಾ?”

“ಮೂರೂ ಹತ್ತಕ್ಕೆ.”

ಡಾಕ್ಟರು ಗಡಿಯಾರ ನೋಡಿದರು. ನಾಲ್ಕು ದಾಟಿತ್ತು.

“ಇಷ್ಟು ಹೊತ್ತು ಏನ್ ಮಾಡ್ತಿದ್ರಿ?”

ಗಾಡಿ ಸಿಗಲಿಲ್ಲ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಯಾರೂ ಅನುಮಾನ ಪಡುತ್ತಿರಲಿಲ್ಲ.

“ಬ್ರೆಡ್ ಇಳಿಸ್ತಿದ್ದೆ” ಎಂದಳು.

ಅವರಿಗೆ ನಂಬಲಾಗಲಿಲ್ಲವೋ ಏನೋ, ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು.