ಚಾಚಾ ಬಿಚ್ಚದ ಫೋನು

ಅವರ ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಕೆಂಪು ನೇಲ್ ಪಾಲಿಶ್ ಮೆತ್ತಿಕೊಂಡಿರುತ್ತಿತ್ತು. ಬಲಗೈಯದೋ ಎಡಗೈಯದೋ, ಈಗ ಆಣೆ ಮಾಡಿ ಹೇಳಲಾರೆ. ಬಿಳಿ ಗಡ್ಡ, ಹಣೆಯ ಮೇಲೆ ಏರಿಸಿಟ್ಟ ಎರಡನೆಯ ಕನ್ನಡಕ, ಇವನ್ನೆಲ್ಲ ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಆ ಕೆಂಪು ಮಾತ್ರ ಇದ್ದದ್ದು ನಿಜ.

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಅವರ ಮೊಬೈಲ್ ರಿಪೇರಿ ಅಂಗಡಿ. ಊರಿಗೆಲ್ಲ ಅವರು ಚಾಚಾ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಆಗ ಪ್ರತಿ ಗಡಿಯಾರದ ಮುಚ್ಚಳದ ಒಳಗೆ ಸೂಜಿಯಿಂದ ತಮ್ಮದೊಂದು ಗುರುತು ಕೊರೆಯುತ್ತಿದ್ದರಂತೆ. ಫೋನುಗಳ ಕಾಲ ಬಂದ ಮೇಲೆ ಸೂಜಿ ಹೋಗಿ ನೇಲ್ ಪಾಲಿಶ್ ಬಂತು. ಬಿಚ್ಚಿದ ಫೋನನ್ನು ಮುಚ್ಚುವಾಗ ಒಳಗಿನ ಕೊನೆಯ ಸ್ಕ್ರೂ ಮೇಲೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಕುಂಚಕ್ಕೆ ಹತ್ತಿದ ಹೆಚ್ಚಿನ ಬಣ್ಣವನ್ನು ಒರೆಸಿಕೊಳ್ಳುತ್ತಿದ್ದದ್ದು ತಮ್ಮದೇ ಉಗುರಿಗೆ.

ಎದುರಿಗೆ ಬಳೆ ಮಾರುವ ಹೆಂಗಸು ಒಮ್ಮೆ ಕೂಗಿ ಕೇಳಿದ್ದಳು: "ಚಾಚಾ, ಮನ್ಯಾಗಿನ ಚಾಚೀದು ಪಾಲಿಶ್ ಕದ್ದು ತಂದೀರೇನ್ರಿ?"

"ಕಳ್ಳ ಅಲ್ಲವಾ ನಾ, ಆಕಿಗಿ ಕೇಳೇ ತಂದೀನಿ," ಎಂದರು ಚಾಚಾ, ತಲೆ ಎತ್ತದೆ. "ನಾ ಕೈ ಹಚ್ಚಿದ್ದು ನಂದು ಅಂತ ಗೊತ್ತಾಗಬೇಕಲ್ಲ. ಛಲೋ ಆದ್ರೂ ನಂದು, ಕೆಟ್ಟರೂ ನಂದು."

ನಾನು ಆಗಷ್ಟೇ ಹೊಸ ಸ್ಮಾರ್ಟ್‌ಫೋನ್ ಕೊಂಡಿದ್ದೆ. ಡಬ್ಬಿಯಿಂದ ತೆಗೆದ ದಿನವೇ ಅದರ ರೋಗ ಗೊತ್ತಾಯಿತು. ಆ ಕಡೆಯವರ ಮಾತು ನನಗೆ ಕೇಳುತ್ತಿತ್ತು, ನನ್ನ ಮಾತು ಅವರಿಗೆ ಕೇಳುತ್ತಿರಲಿಲ್ಲ. "ಹಲೋ, ಹಲೋ" ಎಂದು ಅವರು ಬೈದುಕೊಂಡು ಇಡುವುದನ್ನು ನಾನು ಸುಮ್ಮನೆ ಕೇಳಿಸಿಕೊಳ್ಳಬೇಕಿತ್ತು. ಚಾಚಾ ಫೋನಿನ ಕೆಳತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನನಗೆ ಮಾತಾಡಲು ಹೇಳಿದರು. ನನ್ನ ಧ್ವನಿ ಆ ಕಡೆಯವರಿಗೆ ಕೇಳಿತು. ಬೆರಳು ತೆಗೆದರು, ಧ್ವನಿ ನಿಂತಿತು.

"ಒಳಗ ಮೈಕಿನ ಪಟ್ಟಿ ಬರೋಬ್ಬರಿ ಕುಂತಿಲ್ಲ ಬೇಟಾ. ಫ್ಯಾಕ್ಟರಿಯವರದೇ ತಪ್ಪು. ಎರಡು ಮಿನಿಟಿನ ಕೆಲಸ, ಆದ್ರ ನಾ ಮಾಡಂಗಿಲ್ಲ."

"ಯಾಕ್ರಿ?"

"ನಾ ಬಿಚ್ಚಿದ್ರ ನಿನ್ನ ಗ್ಯಾರಂಟಿ ಹೋಗ್ತದ. ಅವರು ಕೆಡಿಸ್ಯಾರ, ಅವರೇ ಬದಲಿ ಕೊಡ್ಲಿ. ಹುಮನಾಬಾದಿನ ಸರ್ವಿಸ್ ಸೆಂಟರಿಗಿ ಒಯ್ಯಿ. ನಡುವ ಯಾರ ಕೈಯಾಗೂ ಕೊಡಬ್ಯಾಡ."

ನಡುವೆ ಕೊಟ್ಟೆ. ನನ್ನ ಮಾಮಾ, ಅಂದರೆ ಅವ್ವನ ತಮ್ಮ, ಹುಮನಾಬಾದಿನಲ್ಲಿರುತ್ತಾರೆ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಪರೀಕ್ಷೆ ನಡೆದಿದ್ದರಿಂದ ನನಗೆ ಹೋಗಲು ಆಗಿರಲಿಲ್ಲ. "ಸರ್ವಿಸ್ ಸೆಂಟರಿನವರು ನಮ್ಮ ಪೈಕಿನೇ, ನಾ ಮಾಡಸ್ತೀನಿ ತಾ," ಎಂದು ಅವರೇ ಒಯ್ದರು. ಎರಡು ದಿನ ಬಿಟ್ಟು, "ಎಂಜಿನಿಯರ್ ರಜಾದಾಗ ಇದ್ದಾನ" ಎಂದು ಮರಳಿ ಕೊಟ್ಟರು. ಆಮೇಲೆ ನಾನೇ ಹೋದೆ.

ಕೌಂಟರಿನ ಹಿಂದಿದ್ದವನು ಹಿಂಬದಿಯ ಮುಚ್ಚಳ ತೆಗೆದು ಒಳಗೆ ತೋರಿಸಿದ. ಸ್ಕ್ರೂ ಮೇಲಿನ ಸೀಲು ಹರಿದಿತ್ತು. "ಮ್ಯಾಡಮ್, ಇದನ್ನ ಯಾರೋ ಬಿಚ್ಚ್ಯಾರ. ವಾರಂಟಿ ಬರಂಗಿಲ್ಲ. ಕಲ್ಯಾಣದಾಗ ಯಾರಿಗಿ ತೋರಿಸಿದ್ರಿ?"

ಮೊದಲ ದಿನವೇ ಹೀಗಿತ್ತು ಎಂದು ನಾನು ಎಷ್ಟು ಸಲ ಹೇಳಿದೆನೋ ನೆನಪಿಲ್ಲ. ಅವನು ಕೇಳಿದ್ದು ಒಂದನ್ನೇ: ಯಾರಿಗೆ ತೋರಿಸಿದ್ರಿ? ಕಂಪನಿಯ ತಪ್ಪಿಗೆ ಕಂಪನಿಯೊಂದನ್ನು ಬಿಟ್ಟು ಉಳಿದವರೆಲ್ಲ ಉತ್ತರ ಕೊಡಬೇಕಿತ್ತು. ಆ ಸಿಟ್ಟನ್ನು ಅಲ್ಲಿ ತೋರಿಸಲಾಗದೆ ಊರಿನವರೆಗೂ ಹೊತ್ತು ತಂದು ಚಾಚಾರ ಮುಂದೆ ಸುರಿದೆ.

"ಖರೇ ಹೇಳ್ರಿ ಚಾಚಾ. ನೀವು ಬಿಚ್ಚಿದ್ರೇನು?"

ಬೇರೆ ವಿವರಗಳು ತಪ್ಪಿರಬಹುದು. ಈ ಪ್ರಶ್ನೆ ತಪ್ಪಿಲ್ಲ. ಅದನ್ನು ನಾನು ಕೇಳಿದೆ, ಅಂಗಡಿಯಲ್ಲಿ ಇನ್ನೂ ಮೂರು ಜನ ನಿಂತಿದ್ದಾಗ ಕೇಳಿದೆ.

ಚಾಚಾ ಕೈಯಲ್ಲಿದ್ದ ಫೋನಿನ ಕೆಲಸ ಮುಗಿಸಿ ಚುಕ್ಕೆ ಇಟ್ಟರು. ಆಮೇಲೆ ಎದ್ದರು. "ನಾಳಿ ಮುಂಜಾನಿ ತಯಾರಿರು. ಇಬ್ಬರೂ ಹೋಗಮು."

ಮರುದಿನ ಅಂಗಡಿ ಮುಚ್ಚಿ ನನ್ನ ಜೊತೆ ಬಸ್ಸು ಹತ್ತಿದರು. ಸರ್ವಿಸ್ ಸೆಂಟರಿನಲ್ಲಿ ಅವರ ದನಿ ಹೊರಗಿನ ರಸ್ತೆಗೂ ಕೇಳುವಂತಿತ್ತು.

"ನೋಡ್ರಿ ಸಾಬ್, ನಾ ಬಿಚ್ಚಿದ್ದಕ್ಕ ನನ್ನ ನಿಶಾನಿ ಇರ್ತದ. ಇಲ್ಲಿ ಎಲ್ಲಿ ಅದ, ತೋರಸ್ರಿ!"

"ಹಚ್ಚೋದು ಮರ್ತಿರಬೇಕು," ಎಂದು ಕೌಂಟರಿನವನು ನಕ್ಕ. "ಇಲ್ಲಾ, ಬೇಕಂತನೇ ಬಿಟ್ಟಿರಬೇಕು."

ಕೈ ಹಚ್ಚಿದ್ದನ್ನು ತೋರಿಸಲು ಚಾಚಾರ ಹತ್ತಿರ ಗುರುತಿತ್ತು. ಹಚ್ಚದೇ ಇದ್ದದ್ದನ್ನು ಏನಿಟ್ಟು ತೋರಿಸಬೇಕು? ಅವನು ಚೀಟಿಯ ಮೇಲೆ "ಸ್ಥಳೀಯ ಮೆಕ್ಯಾನಿಕ್ ಬಿಚ್ಚಿದ್ದಾರೆ" ಎಂದು ಬರೆದು ಸಹಿಗೆ ನನ್ನ ಮುಂದೆ ಚಾಚಿದ. ಸಹಿ ಹಾಕದಿದ್ದರೆ ಫೋನು ಮರಳಿ ಸಿಗುವುದಿಲ್ಲ ಎಂದ. ನಾನು ಹಾಕಿದೆ. ಎಂ.ಎ. ಓದಿದವಳು, ಮಕ್ಕಳಿಗೆ ಪಾಠ ಹೇಳುವವಳು, ಪಕ್ಕದಲ್ಲಿ ಅವರು ನಿಂತು ನೋಡುತ್ತಿರುವಾಗಲೇ ಹಾಕಿದೆ.

ಅಂಗಡಿಗೆ ಮರಳಿದ ಮೇಲೆ ಚಾಚಾ ಫೋನು ಕೇಳಿ ಇಸಿದುಕೊಂಡರು. ಬಿಚ್ಚಿದರು. ಒಳಗೆ ಪಟ್ಟಿಯ ಕೊಕ್ಕೆ ಅರ್ಧಕ್ಕೇ ನಿಂತಿದ್ದನ್ನು ನನ್ನನ್ನು ಬಗ್ಗಿಸಿ ತೋರಿಸಿದರು. ಇಕ್ಕಳದಿಂದ ಒತ್ತಿದರು. ಟಕ್ಕೆಂದಿತು, ಅಷ್ಟೇ. ಚುಕ್ಕೆ ಇಟ್ಟು ಮುಚ್ಚಿ ನನ್ನ ಕೈಗೆ ಕೊಟ್ಟರು.

"ಈಗ ಬಿಚ್ಚೀನಿ. ಈಗ ಯಾರರೇ ಕೇಳಿದ್ರ ನನ್ನ ಹೆಸರು ಹೇಳು."

ಆ ದಿನದ ನನ್ನ ಡೈರಿಯಲ್ಲಿ ಇರುವುದು "ಫೋನ್ ಸರಿಯಾಯಿತು" ಎಂಬ ಒಂದೇ ಸಾಲು.

ಆದರೆ ಮಾತು ನಿಲ್ಲಲಿಲ್ಲ. ನಮ್ಮ ಮನೆಗೆ ಬಂದಾಗ ಮಾಮಾ ಚಹಾ ಕುಡಿಯುತ್ತ, "ಆ ಮುದುಕನೇ ಹೊಸಾ ಫೋನ್ ಬಿಚ್ಚಿ ಕೆಡಿಸ್ಯಾನ" ಎಂದು ಎಲ್ಲರೆದುರು ಹೇಳಿದರು. ರಾಜೇಶ್ವರ ಎಂಬ ಊರಿನ ಸಂಬಂಧಿಕರವರೆಗೂ ಅದು ಹೋಯಿತು. ಹಿರಿಯರ ಮಾತಿಗೆ ಅಡ್ಡ ಬರಬಾರದು ಎಂದು ನಾನು ಕಪ್ಪು-ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದೆ. ಒಮ್ಮೆ ಅಂಗಡಿಯ ಮುಂದೆ ಯಾರೋ, "ಚಾಚಾ, ನಂದು ಹೊಸಾದದ, ಬಿಚ್ಚಬ್ಯಾಡ್ರಿ ಮತ್ತ!" ಎಂದು ನಕ್ಕದ್ದನ್ನು ನಾನೇ ಕೇಳಿದೆ. ಚಾಚಾ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಆ ಚಳಿಗಾಲದಲ್ಲಿ ಎದೆನೋವಿನಿಂದ ಅವರು ತೀರಿಕೊಂಡರು. ನನ್ನ ಸಹಿಯಿಂದಲೇ ಎಂದು ಬರೆದರೆ ಅದು ಸುಳ್ಳು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ವಯಸ್ಸೂ ಆಗಿತ್ತು. ಆದರೆ ಅವರ ಹೆಸರಿಗೆ ಹತ್ತಿದ ಮಾತನ್ನು ನಾನು ಅವರಿದ್ದಾಗ ಅಳಿಸಲಿಲ್ಲ. ಅದಕ್ಕೆ ನೆಪ ಹುಡುಕುತ್ತ ಕೂತರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಕಳೆದ ತಿಂಗಳು ಹುಮನಾಬಾದಿಗೆ ಹೋಗಿದ್ದೆ. ಮಾಮಾ ಪಡಸಾಲೆಯಲ್ಲಿ ಕೂತಿದ್ದರು. ಅತ್ತಿ, ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಇದ್ದರು. ಬೇಕೆಂದೇ ಅಷ್ಟು ಜನರ ಮುಂದೆ ಕೇಳಿದೆ.

"ಮಾಮಾ, ಆ ಎರಡು ದಿವಸ ನನ್ನ ಫೋನ್ ಯಾರ ಕಡಿಂದ ಬಿಚ್ಚಿಸಿದ್ರಿ?"

ಅವರು ಟಿವಿಯ ದನಿ ಏರಿಸಿದರು. ನಾನು ಎದ್ದು ಅದನ್ನು ಆರಿಸಿ ಮತ್ತೊಮ್ಮೆ ಕೇಳಿದೆ.

"ಯಾರ ಕಡಿಂದ್ರಿ, ಮಾಮಾ?"